ಆಸ್ಪತ್ರೆ ಹತ್ತಿರವೇ ಇದೆ, ಹೊತ್ತು ಕಳೆಯುವುದು ಜಗಲಿಯಲ್ಲಿ

ಎಂಟು ವೈದ್ಯಕೀಯ ಕಾಲೇಜುಗಳಿರುವ ದಕ್ಷಿಣ ಕನ್ನಡದಲ್ಲಿಯೂ ಲಕ್ವ ಹೊಡೆದವರು ವರ್ಷಗಟ್ಟಲೆ ಹಾಸಿಗೆ ಹಿಡಿದು ಮಲಗಿರುವುದನ್ನು ಕಂಡು, ಇಷ್ಟೊಂದು ಆಸ್ಪತ್ರೆಗಳ ನಡುವೆ ಹೀಗೇಕೆ ಎಂದು ನೀವು ಕೇಳಿದ್ದೀರಿ. ಪ್ರಶ್ನೆ ಸರಿಯಾದದ್ದೇ. ಆ ಎಂಟರಲ್ಲಿ ಸುಳ್ಯದ್ದೊಂದನ್ನು ಬಿಟ್ಟರೆ ಉಳಿದವೆಲ್ಲ ಮಂಗಳೂರಿನಲ್ಲಿ ಮತ್ತು ಅದರ ಆಸುಪಾಸಿನಲ್ಲಿ ಇವೆ. ಉಡುಪಿಯ ಕಡೆಗೆ ಹೋದರೆ 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಸ್ಥಾಪಿಸಿದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಇದೆ. ಇವುಗಳಲ್ಲಿ ಸರಕಾರಿ ಕಾಲೇಜು ಒಂದೂ ಇಲ್ಲದಿದ್ದರೂ, 1848ರಿಂದ ನಡೆದುಬಂದಿರುವ ವೆನ್ಲಾಕ್ ಜಿಲ್ಲಾಸ್ಪತ್ರೆ ನಗರದ ನಡುವೆಯೇ ಇದೆ. ನಾನಿರುವುದು ತಲಪಾಡಿಯ ಸಮೀಪ, ಕೇರಳದ ಗಡಿಗೆ ನಡೆದೇ ಹೋಗಬಹುದಾದಷ್ಟು ದೂರದಲ್ಲಿ. ದೇರಳಕಟ್ಟೆಯ ಆಸ್ಪತ್ರೆಗಳು ಇಲ್ಲಿಂದ ಆಟೋದಲ್ಲಿ ಅರ್ಧ ಗಂಟೆಯ ದಾರಿ. ಆದ್ದರಿಂದ ನಮ್ಮ ಕಡೆಯ ತೊಂದರೆ ಆಸ್ಪತ್ರೆಯ ದೂರದ್ದಲ್ಲ. ಹೊತ್ತು ಕಳೆದುಹೋಗುವುದು ಮನೆಯ ಜಗಲಿಯಲ್ಲಿ, ಅದಾದ ಮೇಲೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ.

ಇದಕ್ಕೆ ಒಂದು ಕಾರಣ ನಾವು ಈ ಕಾಯಿಲೆಗೆ ಇಟ್ಟ ಹೆಸರಿನಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ. ಪಾರ್ಶ್ವವಾಯು, ಪಕ್ಷವಾತ ಎಂಬ ಮಾತುಗಳಲ್ಲಿ ಮೈಯ ಒಂದು ಪಕ್ಕ ಇದೆ, ವಾಯು ಇದೆ, ಮಿದುಳು ಮಾತ್ರ ಇಲ್ಲ. ಕೈ ಬಿದ್ದುಹೋಯಿತು, ಕಾಲು ಎಳೆಯುತ್ತಿದೆ ಎಂದಾಗ ಮನೆಯವರ ಕಣ್ಣು ಕೈಕಾಲುಗಳ ಮೇಲೆಯೇ ನಿಲ್ಲುತ್ತದೆ. ಎಣ್ಣೆ ಕಾಯಿಸಿ ತಿಕ್ಕುವುದು, ಬಿಸಿ ಶಾಖ ಕೊಡುವುದು, ನರ ಎಳೆಯುವವರನ್ನು ಕರೆಸುವುದು ಇವೆಲ್ಲ ಅದರಿಂದ ಸಹಜವಾಗಿ ಹೊರಡುವ ಕೆಲಸಗಳು. ನಿಜವಾಗಿ ಆಗಿರುವುದು ಮಿದುಳಿಗೆ ರಕ್ತ ಒಯ್ಯುವ ನಾಳ ಹೆಪ್ಪುಗಟ್ಟಿ ಮುಚ್ಚಿಕೊಂಡಿರುವುದು, ಇಲ್ಲವೇ ಒಡೆದು ಒಳಗೇ ರಕ್ತ ಸುರಿದಿರುವುದು. ಐದರಲ್ಲಿ ಸುಮಾರು ನಾಲ್ಕು ಪ್ರಕರಣಗಳು ಮೊದಲನೆಯ ಬಗೆಯವು. ದೊಡ್ಡ ನಾಳವೊಂದು ಮುಚ್ಚಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬುದು ವೈದ್ಯರ ಲೆಕ್ಕ.

ನನ್ನ ಸೋದರಮಾವನಿಗೆ ಹೀಗಾದದ್ದು ಆಟಿ ತಿಂಗಳ ಒಂದು ಬೆಳಿಗ್ಗೆ. ಅವರ ಮನೆ ಗಡಿಯ ಆಚೆ, ಮಂಜೇಶ್ವರದ ಕಡೆ. ಆರೂವರೆಗೆ ಎದ್ದು ದನಕ್ಕೆ ಹುಲ್ಲು ಹಾಕಿ ಬಂದು ಕಾಫಿ ಕುಡಿಯಲು ಕುಳಿತವರ ಬಲಗೈಯಿಂದ ಲೋಟ ಜಾರಿತು. ಅತ್ತೆ ಓಡಿಬಂದು ಏನಾಯಿತೆಂದು ಕೇಳಿದಾಗ ಅವರು ತುಳುವಿನಲ್ಲಿ ‘ದಾಲ ಇಜ್ಜಿ’ ಎಂದರು, ಏನೂ ಇಲ್ಲ ಎಂದು. ಆದರೆ ಆ ಎರಡು ಮಾತುಗಳು ಬಾಯಲ್ಲಿ ಅವಲಕ್ಕಿ ತುಂಬಿಕೊಂಡವರು ಆಡಿದಂತೆ ಕೇಳಿದವಂತೆ. ತುಟಿಯ ಬಲತುದಿ ಕೆಳಗೆ ಇಳಿದಿತ್ತು. ನಿಶ್ಶಕ್ತಿ ಇರಬೇಕೆಂದು ಅತ್ತೆ ಉಪ್ಪು ಹಾಕಿದ ಗಂಜಿತಿಳಿ ಕುಡಿಸಿದರು, ಅದು ನೆತ್ತಿಗೆ ಹತ್ತಿ ಅವರು ತುಂಬಾ ಹೊತ್ತು ಕೆಮ್ಮಿದರು. ದುಬೈಯಲ್ಲಿರುವ ಮಗನಿಗೆ ಫೋನು ಮಾಡಿದರೆ ಅಲ್ಲಿ ಬೆಳಗಿನ ಜಾವ, ಅವನು ಎತ್ತಲಿಲ್ಲ. ಹನ್ನೊಂದು ಗಂಟೆಗೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದೊಯ್ದಾಗ, ಬಿ.ಪಿ. ಬಹಳ ಏರಿದೆ ಎಂದು ನಾಲಗೆಯ ಅಡಿಯಲ್ಲಿ ಒಂದು ಮಾತ್ರೆ ಇಟ್ಟರು. ಎರಡು ಗಂಟೆಗೆ ಒಂದು ನರ್ಸಿಂಗ್ ಹೋಮಿನಲ್ಲಿ ಗ್ಲೂಕೋಸ್ ಏರಿಸಿದರು. ಅಲ್ಲಿ ಸ್ಕ್ಯಾನಿಂಗ್ ಯಂತ್ರವೇ ಇರಲಿಲ್ಲ. ಮಂಗಳೂರಿನ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಿಗೆ ಬಂದಾಗ ಸಂಜೆ ಐದೂವರೆ.

ಅಲ್ಲಿದ್ದ ಕಿರಿಯ ವೈದ್ಯೆ ಮೊದಲು ಕೇಳಿದ್ದು ಹೆಸರಲ್ಲ, ವಯಸ್ಸಲ್ಲ. ‘ಇವರು ಸರಿಯಾಗಿ ಇದ್ದದ್ದನ್ನು ಕೊನೆಗೆ ನೋಡಿದವರು ಯಾರು, ಎಷ್ಟು ಗಂಟೆಗೆ?’ ಎಂದು ಕೇಳಿದರು. ಅತ್ತೆ ಆರೂವರೆ ಎಂದರು. ವೈದ್ಯೆ ಗೋಡೆಯ ಗಡಿಯಾರ ನೋಡಿ, ಕೇಸ್ ಶೀಟಿನ ಅಂಚಿನಲ್ಲಿ 11 ಎಂದು ಬರೆದು ಅದಕ್ಕೊಂದು ಸುತ್ತು ಹಾಕಿದರು. ಆ ಸುತ್ತು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ, ಏಕೆಂದರೆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ ಎಂಬುದು ನನಗೆ ಆ ದಿನವೇ ತಿಳಿದದ್ದು. ದೊಡ್ಡ ನಾಳ ಮುಚ್ಚಿದ್ದರೆ ತೊಡೆಯ ಮೂಲಕ ಸಪೂರ ನಳಿಕೆ ಕಳುಹಿಸಿ ಹೆಪ್ಪನ್ನೇ ಹೊರಗೆಳೆಯುವ ಚಿಕಿತ್ಸೆಯಿದೆ, ಆಯ್ದ ರೋಗಿಗಳಿಗೆ ಅದನ್ನು 24 ಗಂಟೆಯವರೆಗೂ ಮಾಡುತ್ತಾರೆ, ಮಂಗಳೂರಿನಲ್ಲಿಯೂ ಮಣಿಪಾಲದಲ್ಲಿಯೂ ಮಾಡುತ್ತಾರೆ. ಮಾವನದು ಒಳಗಿನ ಸಣ್ಣ ನಾಳವಾದ್ದರಿಂದ ಆ ದಾರಿಯೂ ಇರಲಿಲ್ಲ. ಮೂರನೆಯ ದಿನ ಅವರಿಗೆ ನ್ಯುಮೋನಿಯಾ ಕಾಣಿಸಿತು. ನುಂಗುವ ಶಕ್ತಿ ಕುಂದಿದವರಿಗೆ ಬಾಯಿಂದ ಏನು ಕೊಟ್ಟರೂ ಅದು ಶ್ವಾಸಕೋಶಕ್ಕೆ ಇಳಿಯಬಹುದು ಎಂದು ವೈದ್ಯೆ ವಿವರಿಸಿದಾಗ ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಪ್ರೀತಿಯಿಂದ ಕುಡಿಸಿದ ಗಂಜಿತಿಳಿ ಅದು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಅದನ್ನು ಮಾಡಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾಲಗೆಯಡಿಯ ಮಾತ್ರೆಯ ವಿಷಯವೂ ಹಾಗೆಯೇ. ಆ ಹೊತ್ತಿನಲ್ಲಿ ಒತ್ತಡವನ್ನು ಒಮ್ಮೆಲೇ ಇಳಿಸಿದರೆ ಅರೆಜೀವದಲ್ಲಿರುವ ಮಿದುಳಿನ ಭಾಗಕ್ಕೆ ಸಿಗುತ್ತಿದ್ದ ಅಷ್ಟಿಷ್ಟು ರಕ್ತವೂ ತಪ್ಪುತ್ತದೆ. ಆಸ್ಪಿರಿನ್ ಕೂಡ ಸಿ.ಟಿ. ಸ್ಕ್ಯಾನ್ ಆಗುವವರೆಗೆ ಕೊಡುವಂತಿಲ್ಲ, ಏಕೆಂದರೆ ಹೆಪ್ಪೋ ರಕ್ತಸ್ರಾವವೋ ಎಂಬುದನ್ನು ಹೊರಗಿನಿಂದ ನೋಡಿ ಹೇಳಲು ಎಂಥ ಅನುಭವಿಗೂ ಸಾಧ್ಯವಿಲ್ಲ.

ಹೃದಯಾಘಾತಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಇದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಗಳಿಗೆ ಇ.ಸಿ.ಜಿ. ಯಂತ್ರಗಳನ್ನು ತಲಪಿಸಿ, ಅಲ್ಲಿಂದ ವಾಟ್ಸಾಪಿನಲ್ಲಿ ಬರುವ ಪಟ್ಟಿಯನ್ನು ನೋಡಿ ಸಲಹೆ ಕೊಡುವ ವ್ಯವಸ್ಥೆ ಕಟ್ಟಿದ್ದಾರೆ, ಅದರಿಂದ ಬದುಕಿದವರು ನಮ್ಮ ಕಡೆ ಇದ್ದಾರೆ. ಸಿ.ಟಿ. ಯಂತ್ರವನ್ನು ಹಾಗೆ ಹಳ್ಳಿಗೆ ಒಯ್ಯಲಾಗದು. ರೋಗಿಯೇ ಯಂತ್ರದ ಬಳಿಗೆ ಬರಬೇಕು, ಅದೂ ನೇರವಾಗಿ ಬರಬೇಕು. ಹತ್ತಿರದ ಆಸ್ಪತ್ರೆ ಯಾವುದು ಎಂದು ಕೇಳುವುದಕ್ಕಿಂತ, ಈ ಹೊತ್ತಿನಲ್ಲಿ ಸ್ಕ್ಯಾನ್ ಮಾಡಿ ಚುಚ್ಚುಮದ್ದು ಕೊಡಬಲ್ಲ ಆಸ್ಪತ್ರೆ ಯಾವುದು ಎಂದು ಕೇಳಬೇಕು. 108ಕ್ಕೆ ಕರೆ ಮಾಡಿದಾಗಲೂ ಇದನ್ನೇ ಹೇಳಬೇಕು.

ಭಾಷೆಯ ವಿಷಯ ಹೊರಗಿನವರಿಗೆ ಅಷ್ಟಾಗಿ ಹೊಳೆಯುವುದಿಲ್ಲವಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಮುಖ ಸೊಟ್ಟಗಾಗಿದೆಯೇ, ಎರಡೂ ತೋಳು ಎತ್ತಿ ಹಿಡಿದಾಗ ಒಂದು ಕೆಳಗಿಳಿಯುತ್ತದೆಯೇ, ಮಾತು ತೊದಲುತ್ತದೆಯೇ ಎಂದು ನೋಡಲು ಎಲ್ಲ ಕಡೆಯೂ ಹೇಳುತ್ತಾರೆ. ಮಾತು ಎಂದರೆ ಯಾವ ಮಾತು? ಇಲ್ಲಿ ಒಂದೇ ವಠಾರದಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳಂ ಇರುತ್ತವೆ, ಕನ್ನಡ ಶಾಲೆಯ ಮತ್ತು ಕಚೇರಿಯ ಭಾಷೆ. ಮನೆಯಲ್ಲಿ ತುಳುವನ್ನೇ ಆಡಿ ಬೆಳೆದ ಎಪ್ಪತ್ತೈದರ ಅಜ್ಜಿಯನ್ನು ಕನ್ನಡದಲ್ಲಿ ಪ್ರಶ್ನಿಸಿದರೆ ಆಕೆ ಆರೋಗ್ಯವಾಗಿದ್ದಾಗಲೂ ತಡವರಿಸಿಯಾರು. ಹಾಗೆಯೇ ಪದ ಸಿಗದೆ ಒದ್ದಾಡುತ್ತಿರುವ ರೋಗಿಯನ್ನು ‘ಇವರಿಗೆ ಕನ್ನಡ ಅಷ್ಟು ಬಾರದು’ ಎಂದು ಬಿಟ್ಟುಬಿಡುವುದೂ ಇದೆ. ಕರಾವಳಿಯ ಆಸ್ಪತ್ರೆಗಳಲ್ಲಿ ಕಲಿಯಲು ಬರುವ ವೈದ್ಯ ವಿದ್ಯಾರ್ಥಿಗಳು ದೇಶದ ಎಲ್ಲ ಮೂಲೆಗಳಿಂದ ಬಂದವರು, ದಾದಿಯರಲ್ಲಿ ಬಹಳ ಮಂದಿ ಕೇರಳದವರು. ಆದ್ದರಿಂದ ರೋಗಿಯ ಜೊತೆಗೆ ಆತನ ಮನೆಮಾತು ಬಲ್ಲವರೊಬ್ಬರು ತುರ್ತು ವಿಭಾಗದ ಒಳಗೆ ಇರಲೇಬೇಕು, ಮತ್ತು ಅವರು ‘ಇವರು ನಿನ್ನೆ ಹೀಗೆ ಮಾತಾಡುತ್ತಿರಲಿಲ್ಲ’ ಎಂದು ಧೈರ್ಯವಾಗಿ ಹೇಳಬೇಕು. ನಮ್ಮ ಮಾವನಿಗೆ ನಾಲ್ಕು ಭಾಷೆ ಬರುತ್ತಿತ್ತು. ಮೊದಲು ಮರಳಿದ್ದು ತುಳು. ಕನ್ನಡದ ವಾಕ್ಯ ಪೂರ್ತಿಯಾಗಿ ಬರಲು ಐದು ತಿಂಗಳು ಹಿಡಿಯಿತು, ದಿನಪತ್ರಿಕೆಯ ತಲೆಬರಹವನ್ನು ಬೆರಳಿಟ್ಟು ಓದಿಸಿಯೇ ಅದು ಬಂದದ್ದು.

ಗಡಿಯ ಮಾತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ಅಲ್ಲಿನವರ ಕಾಯಿಲೆ ಕಸಾಲೆಗಳ ದಾರಿ ಮಂಗಳೂರಿನ ಕಡೆಗೇ ಉಳಿಯಿತು. ಐವತ್ತು ಕಿಲೋಮೀಟರಿನ ಆಸುಪಾಸು ಮಂಗಳೂರಿರುವಾಗ ಅವರು ಬೇರೆಲ್ಲಿಗೆ ಹೋಗಬೇಕು? 2020ರ ಮಾರ್ಚಿನಲ್ಲಿ ಕೊರೊನಾ ಕಾರಣದಿಂದ ತಲಪಾಡಿಯ ರಸ್ತೆಯನ್ನು ಮುಚ್ಚಿದಾಗ ಆಂಬುಲೆನ್ಸುಗಳೂ ತಿರುಗಿಹೋದವು, ಚಿಕಿತ್ಸೆಗೆ ಬರಲಾಗದೆ ಜನ ತೀರಿಕೊಂಡ ಸುದ್ದಿಗಳು ಬಂದವು, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಎರಡೂ ಕಡೆ ನೆಂಟರಿರುವ ನಮ್ಮಂಥವರಿಗೆ ಆ ದಿನಗಳನ್ನು ಮರೆಯಲಾಗದು. ಉತ್ತರದ ಕಡೆಯೂ ಬೇರೆ ಬಗೆಯ ಗಡಿಯೊಂದಿದೆ: ಹೊನ್ನಾವರ, ಭಟ್ಕಳದ ರೋಗಿಗಳು ಹೆದ್ದಾರಿ ಹಿಡಿದು ಕುಂದಾಪುರಕ್ಕೋ ಮಣಿಪಾಲಕ್ಕೋ ಬರಬೇಕು. 2022ರ ಜುಲೈಯಲ್ಲಿ ಹಾಗೆ ಬರುತ್ತಿದ್ದ ಆಂಬುಲೆನ್ಸೊಂದು ಶಿರೂರಿನ ಟೋಲ್ ಗೇಟಿನಲ್ಲಿ ಮಳೆನೀರಿಗೆ ಜಾರಿ ಉರುಳಿ ನಾಲ್ವರು ಸತ್ತರು. ಘಟ್ಟದ ಮೇಲಿನವರಿಗಂತೂ ಮಳೆಗಾಲದಲ್ಲಿ ಚಾರ್ಮಾಡಿ, ಆಗುಂಬೆ, ಶಿರಾಡಿಗಳಲ್ಲಿ ಗುಡ್ಡ ಕುಸಿಯದೆ ಇರಬೇಕೆಂಬ ಚಿಂತೆ. ಇವರೆಲ್ಲರ ಎದುರಿಗೆ ಮಂಗಳೂರಿನಲ್ಲೇ ಇದ್ದು ಹೊತ್ತು ಕಳೆಯುವ ನಮ್ಮ ನಡವಳಿಕೆ ನನಗೆ ಹೆಚ್ಚು ನೋವು ಕೊಡುತ್ತದೆ.

ಕಾಯಿಲೆ ಬರುವುದೇಕೆ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ತಿಳಿದದ್ದೇ. ಭಾರತವೂ ಸೇರಿದಂತೆ 32 ದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಇಂಟರ್‌ಸ್ಟ್ರೋಕ್ ಅಧ್ಯಯನವು, ತಡೆಯಬಹುದಾದ ಹತ್ತು ಕಾರಣಗಳೇ ಸುಮಾರು 90 ಶೇಕಡಾ ಪಾಲನ್ನು ಹೊತ್ತಿವೆಯೆಂದೂ ಅವುಗಳಲ್ಲಿ ರಕ್ತದೊತ್ತಡ ಎಲ್ಲಕ್ಕಿಂತ ಮುಂದಿದೆಯೆಂದೂ ಹೇಳಿತು. ನಮ್ಮ ಊಟದಲ್ಲಿ ಉಪ್ಪು ಎಲ್ಲಿಂದ ಬರುತ್ತದೆ ಎಂದು ನೋಡಿ. ಜೂನ್, ಜುಲೈಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಹಸಿಮೀನು ಸಿಗದ ಆ ಎರಡು ತಿಂಗಳು ಒಣಮೀನಿನ ಚಟ್ನಿ, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಮಾವಿನ ಮಿಡಿ. ಕುಚ್ಚಲಕ್ಕಿ ಗಂಜಿಗೆ ಇವುಗಳಿಗಿಂತ ರುಚಿಯಾದ ಜೊತೆ ಇಲ್ಲ ಎಂಬುದನ್ನು ನಾನೂ ಬಲ್ಲೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಜೊತೆಗೆ ಸಕ್ಕರೆ ಕಾಯಿಲೆ, ಬೀಡಿ, ಎಲೆಯಡಿಕೆಯೊಳಗಿನ ಹೊಗೆಸೊಪ್ಪು, ಕುಡಿತ. ಎದೆಬಡಿತ ತಾಳ ತಪ್ಪುವ ಎ.ಎಫ್. ಎಂಬ ತೊಂದರೆಯಿದ್ದವರಿಗೆ ಅಪಾಯ ಸುಮಾರು ಐದು ಪಟ್ಟು ಹೆಚ್ಚು, ಬಹಳ ಮಂದಿಗೆ ಅದು ಇರುವುದೇ ಗೊತ್ತಿರುವುದಿಲ್ಲ. ಆದರೆ ನಾನು ಹೆಚ್ಚಾಗಿ ಕಾಣುವುದು ಮಾತ್ರೆ ಬಿಡುವುದನ್ನು. ಬಿ.ಪಿ. ‘ನಾರ್ಮಲ್’ ಎಂದು ಹೇಳಿದ ದಿನವೇ ಮಾತ್ರೆ ನಿಲ್ಲಿಸುತ್ತಾರೆ; ಅದು ನಾರ್ಮಲ್ ಆದದ್ದು ಮಾತ್ರೆಯಿಂದಲೇ ಎಂದು ಬಿಡಿಸಿ ಹೇಳುವವರಿಲ್ಲ. ಮಾವನೂ ಆ ವರ್ಷದ ವಿಷುವಿನ ಹೊತ್ತಿಗೆ ನಿಲ್ಲಿಸಿದ್ದರು.

ಸಮಯಕ್ಕೆ ಸರಿಯಾಗಿ ಬಂದವರಲ್ಲಿಯೂ ಒಂದು ಗಂಟೆ ಸಹಿ ಹಾಕುವುದರಲ್ಲಿ ಹೋಗುವುದುಂಟು. ಹೆಪ್ಪು ಕರಗಿಸುವ ಮದ್ದಿನಿಂದ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು ಎಂದು ವೈದ್ಯರು ಹೇಳಲೇಬೇಕು, ಅದನ್ನು ಕೇಳಿದ ಮನೆಯವರು ಮುಂಬಯಿಯ ಅಣ್ಣನಿಗೆ, ಕೊಲ್ಲಿಯ ಮಗನಿಗೆ ಫೋನು ಹಚ್ಚುತ್ತಾರೆ. 1995ರ ಮೂಲ ಪ್ರಯೋಗದಲ್ಲಿ ನೂರಕ್ಕೆ ಆರೇಳು ಮಂದಿಗೆ ಅಂಥ ರಕ್ತಸ್ರಾವ ಆದದ್ದು ನಿಜ. ಅದನ್ನೂ ಲೆಕ್ಕಕ್ಕೆ ಹಿಡಿದ ಮೇಲೆಯೂ, ಮೂರು ತಿಂಗಳ ಬಳಿಕ ಹೆಚ್ಚು ಊನವಿಲ್ಲದೆ ಬದುಕುವ ಸಂಭವ ಮದ್ದು ಪಡೆದವರಿಗೆ ಕನಿಷ್ಠ 30 ಶೇಕಡಾ ಹೆಚ್ಚಿತ್ತು, ಸಾವು ಹೆಚ್ಚಲಿಲ್ಲ. ಈ ಮಾತನ್ನು ಮನೆಯಲ್ಲಿ ಮೊದಲೇ ಆಡಿಕೊಂಡು, ಮಗ ಫೋನಿಗೆ ಸಿಗದಿದ್ದರೆ ಸಹಿ ಹಾಕುವವರು ಯಾರು ಎಂದು ತೀರ್ಮಾನಿಸಿಡುವುದು ಈ ಊರಿನಲ್ಲಿ ಅಗತ್ಯ. ನಮ್ಮ ಮನೆಯಲ್ಲಿ ಈಗ ಅದು ನಾನು.

ಮದ್ದಿನ ಅವಧಿ ಮೀರಿದ ಮೇಲೆ ಆಸ್ಪತ್ರೆಯಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಪ್ರಯೋಜನವಿದೆ. ಪಾರ್ಶ್ವವಾಯುವಿಗೆಂದೇ ಮೀಸಲಾದ ಘಟಕದಲ್ಲಿ, ನುಂಗುವ ಪರೀಕ್ಷೆ ಮಾಡದೆ ಆಹಾರ ಕೊಡದಿರುವುದು, ಬೆನ್ನುಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಜ್ವರವನ್ನೂ ಸಕ್ಕರೆಯನ್ನೂ ಗಮನಿಸುವುದು, ಬೇಗನೆ ಎಬ್ಬಿಸಿ ಕೂರಿಸುವುದು ಇಂಥ ಸಾಧಾರಣ ಕೆಲಸಗಳಿಂದಲೇ ಬದುಕುಳಿಯುವವರ, ಸ್ವತಂತ್ರವಾಗಿ ನಡೆಯುವವರ ಸಂಖ್ಯೆ ಹೆಚ್ಚುತ್ತದೆ. ಚೇತರಿಕೆಯ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲಿ ಆಗುವಂಥದ್ದು. ಆದರೆ ಡಿಸ್ಚಾರ್ಜ್ ಆಗಿ ಮನೆಗೆ ಬಂದವರನ್ನು ನಾವು ಮಲಗಿಸುತ್ತೇವೆ, ವಿಶ್ರಾಂತಿ ಬೇಕೆಂದು. ಫಿಸಿಯೋಥೆರಪಿಗೆ ವಾರಕ್ಕೆ ಮೂರು ಸಲ ಆಟೋ ಹಿಡಿದು ಹೋಗುವ ಖರ್ಚು ಕೂಲಿಯವರ ಮನೆಯಲ್ಲಿ ಹುಟ್ಟುವುದಿಲ್ಲ. ನೀವು ಕಂಡ ಜಗಲಿಯ ಮಂಚಗಳಲ್ಲಿ ಎಷ್ಟೋ ಮಂಚಗಳು ಈ ಮೂರು ತಿಂಗಳು ಹಾಗೇ ಕಳೆದದ್ದರ ಫಲ. ಅವರಲ್ಲಿ ಸುಮಾರು ಮೂರನೆಯ ಒಂದು ಭಾಗದವರನ್ನು ಖಿನ್ನತೆ ಕಾಡುತ್ತದೆ, ಅದನ್ನು ನಾವು ಹಟ, ಸಿಟ್ಟು ಎಂದು ತಿಳಿಯುತ್ತೇವೆ.

ಎಣ್ಣೆ ತಿಕ್ಕುವುದು ಬೇಡವೇ ಎಂದು ನೀವು ಕೇಳಬಹುದು. ಸ್ಕ್ಯಾನ್ ಆಗಿ, ಚಿಕಿತ್ಸೆ ಆಗಿ, ವೈದ್ಯರನ್ನು ಕೇಳಿದ ಮೇಲೆ ಬೇಕಾದರೆ ಹದವಾಗಿ ತಿಕ್ಕಲಿ. ಅತ್ತೆ ಈಗಲೂ ಪ್ರತಿ ಸಂಜೆ ತೆಂಗಿನೆಣ್ಣೆ ಬೆಚ್ಚಗೆ ಮಾಡಿ ಮಾವನ ಬಲಗೈಗೆ ಹಚ್ಚುತ್ತಾರೆ, ಅದಾದ ಮೇಲೆ ಅವರ ಅಂಗೈಗೆ ಒಂದೊಂದೇ ಒಣ ಅಡಿಕೆ ಇಟ್ಟು ಬುಟ್ಟಿಗೆ ಹಾಕಿಸುತ್ತಾರೆ. ಮೊದಲು ಹತ್ತು ಅಡಿಕೆಗೆ ಕೈ ಸೋಲುತ್ತಿತ್ತು. ಕಳೆದ ವಾರ ನಾನು ಹೋಗಿದ್ದಾಗ ಅರವತ್ತರವರೆಗೆ ಎಣಿಸಿದೆ. ಅವರು ತುಳುವಿನಲ್ಲಿ ಎಣಿಸುತ್ತಿದ್ದರು, ನಲ್ವತ್ತರ ನಂತರ ಕನ್ನಡಕ್ಕೆ ಬಂದರು.