ಕಿಟಾಲೆಯಲ್ಲಿ ಸ್ವಂತ ಅಂಗಡಿ ಹಾಕುವ ಮುಂಚೆ

ತಮ್ಮಾ, ನೀವು ಬರೆದದ್ದನ್ನು ಪೂರ್ತಿ ಓದಿದೆ. ದಾವಣಗೆರೆಯಲ್ಲಿ ಬೀಜ ಗೊಬ್ಬರದ ಅಂಗಡಿಯಲ್ಲಿ ಕೆಲಸ, ಕೀನ್ಯಾದ ಕಿಟಾಲೆಯಿಂದ ಒಬ್ಬ ಗುಜರಾತಿ ಮಾಲೀಕರು ಅಂಗಡಿ ನೋಡಿಕೊಳ್ಳಲು ಕರೆಯುತ್ತಿದ್ದಾರೆ, ಕೈಯಲ್ಲಿ 20 ಲಕ್ಷ ಇದೆ, ಮನೆಯಲ್ಲಿ ಹೆಂಡತಿ, ಚಿಕ್ಕ ಮಗಳು. ಕೆಲಸಕ್ಕೆ ಸೇರಲಾ, ನೇರವಾಗಿ ಸ್ವಂತ ಅಂಗಡಿನೇ ಹಾಕಲಾ ಅಂತ ಕೇಳಿದ್ದೀರಿ. ಕೆಲಸಕ್ಕೆ ಬನ್ನಿ. ದುಡ್ಡು ಊರಲ್ಲೇ ಇರಲಿ, ಕಡೇಪಕ್ಷ ಇಲ್ಲಿ ಒಂದು ಬೆಳೆ ಬಿತ್ತಿ, ಕೊಯ್ದು, ಮಾರಾಟ ಆಗುವವರೆಗೆ ನಿಂತು ನೋಡಿ. ನಾನು ರಾಣೆಬೆನ್ನೂರಿನವನು, ಇಲ್ಲಿ ಆಗ್ರೋವೆಟ್ ನಡೆಸುತ್ತಾ ಬಹಳ ವರ್ಷ ಆಯಿತು. ಬೀಜ, ಗೊಬ್ಬರ, ಕೀಟನಾಶಕ, ದನದ ಔಷಧಿ ಎಲ್ಲ ಒಂದೇ ಸೂರಿನಡಿ ಮಾರುವ ಅಂಗಡಿಗೆ ಇಲ್ಲಿ ಆಗ್ರೋವೆಟ್ ಅನ್ನುತ್ತಾರೆ.

ಮೊದಲು ಕಾಗದಪತ್ರದ ಮಾತು ಮುಗಿಸಿಬಿಡೋಣ. ಹೊರದೇಶದವರು ಇಲ್ಲಿ ಸ್ವಂತ ವ್ಯಾಪಾರ ಮಾಡಬೇಕಾದರೆ ಕ್ಲಾಸ್ ಜಿ ಪರ್ಮಿಟ್ ಬೇಕು, ಅದಕ್ಕೆ ಕನಿಷ್ಠ 1 ಲಕ್ಷ ಡಾಲರ್ ಬಂಡವಾಳ ತೋರಿಸಬೇಕು. ನಮ್ಮ ಲೆಕ್ಕದಲ್ಲಿ ಅದು 80 ಲಕ್ಷ ರೂಪಾಯಿಗೂ ಮೇಲೆ. ನಿಮ್ಮ 20 ಲಕ್ಷ ಸಾಲುವುದಿಲ್ಲ. ಇಲ್ಲಿನವರ ಹೆಸರಲ್ಲಿ ಅಂಗಡಿ ಮಾಡಿ ಹಿಂದೆ ಕೂತು ನಡೆಸಿದರಾಯಿತು ಅಂತ ಹೇಳುವವರು ಸಿಗುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ನಾಳೆ ಮನಸ್ತಾಪ ಬಂದರೆ ಅಂಗಡಿ ನಿಮ್ಮದು ಅನ್ನೋದಕ್ಕೆ ಒಂದು ಚೀಟಿಯೂ ಇರುವುದಿಲ್ಲ. ಕೆಲಸಕ್ಕೆ ಬರುವವರಿಗೆ ಕ್ಲಾಸ್ ಡಿ ಪರ್ಮಿಟ್, ಅದನ್ನು ಮಾಲೀಕರೇ ಮಾಡಿಸಬೇಕು. "ಸದ್ಯಕ್ಕೆ ಇಟಿಎ ಮೇಲೆ ಬಾ, ಪರ್ಮಿಟ್ ಆಮೇಲೆ ನೋಡೋಣ" ಅಂದರೆ ವಿಮಾನ ಹತ್ತಬೇಡಿ. 2024ರ ಜನವರಿಯಿಂದ ವೀಸಾ ಬದಲು ಬಂದಿರುವ ಆ ಇಟಿಎ ಬಂದುಹೋಗುವವರಿಗೆ, ದುಡಿಯುವವರಿಗಲ್ಲ. ಪಾಸ್‌ಪೋರ್ಟ್ ನಿಮ್ಮ ಪೆಟ್ಟಿಗೆಯಲ್ಲೇ ಇರಲಿ, ಯಾರು ಎಷ್ಟೇ ಪ್ರೀತಿಯಿಂದ ಕೇಳಿದರೂ ಅವರ ಬೀರುವಿಗೆ ಹೋಗಬಾರದು. ಅಗ್ಗಕ್ಕೆ ಹೊಲ ಸಿಗುತ್ತಾ ಅಂತಲೂ ಕೇಳಿದ್ದೀರಿ. 2010ರ ಸಂವಿಧಾನದ ಪ್ರಕಾರ ವಿದೇಶಿಯರಿಗೆ ಭೂಮಿ ಲೀಸ್ ಮೇಲೆ ಮಾತ್ರ, ಅದೂ 99 ವರ್ಷ ಮೀರುವಂತಿಲ್ಲ. ಹೊಲದ ಆಸೆ ಬಿಡಿ.

ಇನ್ನು ವ್ಯಾಪಾರ. ಈ ಊರು ನಿಂತಿರುವುದು ಗೋವಿನಜೋಳದ ಮೇಲೆ. ಕೀನ್ಯಾ ಸೀಡ್ ಕಂಪನಿ 1956ರಲ್ಲಿ ಶುರುವಾದದ್ದು, ಅದರ ಮುಖ್ಯ ಕಚೇರಿ ಇಲ್ಲೇ ಇದೆ. ನಮ್ಮ ಹಾವೇರಿ, ದಾವಣಗೆರೆಯ ಹಳದಿ ಗೋವಿನಜೋಳ ಹೆಚ್ಚಾಗಿ ಕೋಳಿ ಆಹಾರಕ್ಕೆ ಹೋಗುತ್ತದಲ್ವಾ, ಇಲ್ಲಿಯದು ಬಿಳಿ ಗೋವಿನಜೋಳ, ಜನ ದಿನಾ ಉಣ್ಣುವ ಮುದ್ದೆಯಂಥ ಉಗಾಲಿ ಅದರದೇ. ಊರು ಸುಮಾರು 1,900 ಮೀಟರ್ ಎತ್ತರದಲ್ಲಿದೆ, ತಂಪು ಜಾಸ್ತಿ, ಬೆಳೆ ನಿಧಾನ, ಹಾಗಾಗಿ ಗೋವಿನಜೋಳ ವರ್ಷಕ್ಕೆ ಒಂದೇ ಸಲ. ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಬಿತ್ತನೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಕೊಯ್ಲು. ರೈತನ ಕೈಗೆ ದುಡ್ಡು ಬರುವುದು ಆಗ. ಜನವರಿಯಲ್ಲಿ ಶಾಲೆ ಶುರು, ಫೀಸಿಗೆ ಅರ್ಧ ಹೋಯಿತು. ಮಾರ್ಚ್‌ನಲ್ಲಿ ಬೀಜ ಬೇಕು ಅಂತ ನಿಮ್ಮ ಕೌಂಟರ್ ಮುಂದೆ ಬಂದು ನಿಲ್ಲುವ ಹೊತ್ತಿಗೆ ಜೇಬು ಖಾಲಿ. ಉದ್ರಿ ಕೇಳುತ್ತಾನೆ. ಕೊಡದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ, ಕೊಟ್ಟರೆ ಡಿಸೆಂಬರ್‌ವರೆಗೆ ಕಾಯಬೇಕು, ಆದರೆ ನಿಮಗೆ ಮಾಲು ಕೊಟ್ಟ ನೈರೋಬಿಯ ಹೋಲ್‌ಸೇಲ್‌ನವರು ಡಿಸೆಂಬರ್‌ವರೆಗೆ ಕಾಯುವುದಿಲ್ಲ. ಹೊಸಬರ ಬಂಡವಾಳ ಕರಗುವುದು ಈ ಸಂದಿಯಲ್ಲೇ. ಯಾರಿಗೆ ಉದ್ರಿ ಕೊಡಬಹುದು ಅನ್ನೋದು ಪುಸ್ತಕದಿಂದ ಗೊತ್ತಾಗಲ್ಲ, ಕೌಂಟರಿನಲ್ಲಿ ಒಂದು ವರ್ಷ ನಿಂತಾಗಲೇ ಗೊತ್ತಾಗೋದು. ಅದಕ್ಕೇ ಕೆಲಸಕ್ಕೆ ಬನ್ನಿ ಅಂದದ್ದು. ಹೆಂಗಸರ ಚಾಮಾ ಗುಂಪುಗಳಿವೆ, ನಮ್ಮ ಚೀಟಿ ವ್ಯವಹಾರದ ಹಾಗೆ ತಿಂಗಳು ತಿಂಗಳು ದುಡ್ಡು ಕೂಡಿಸುತ್ತಾರೆ. ಅವರ ಲೆಕ್ಕ ಬಲು ಚೊಕ್ಕ. ಉದ್ರಿ ಕೊಡಲೇಬೇಕಾದರೆ ನಾನು ಮೊದಲು ಅವರಿಗೆ ಕೊಡುತ್ತೇನೆ.

ಗೊಬ್ಬರದಲ್ಲಿ ಲಾಭ ಇದೆ ಅಂದುಕೊಂಡು ಬರಬೇಡಿ. ಸರ್ಕಾರ 2023ರಲ್ಲಿ 50 ಕೆಜಿ ಚೀಲಕ್ಕೆ 2,500 ಶಿಲ್ಲಿಂಗ್ ಮಾಡಿತು, ಅದು ಸರ್ಕಾರದ ಧಾನ್ಯ ಗೋದಾಮುಗಳಲ್ಲೇ ಸಿಗುವಾಗ ನಮ್ಮ ದರ ಯಾರು ಕೇಳುತ್ತಾರೆ? ಹೊಟ್ಟೆ ಹೊರೆಯುವುದು ಬೀಜ, ಔಷಧಿ, ಮತ್ತೆ ದನದ ಸಾಮಾನು. ಹೈನುಗಾರಿಕೆ ಇಲ್ಲಿ ಚೆನ್ನಾಗಿದೆ, ಉಣ್ಣೆ ಹುಳುವಿನ ಔಷಧಿ, ಜಂತಿನ ಔಷಧಿ, ಹಿಂಡಿ ವರ್ಷವಿಡೀ ಓಡುತ್ತವೆ. ಆದರೆ ಬೀಜ ಮಾರಲು ಒಂದು ಇಲಾಖೆಯ ಲೈಸೆನ್ಸ್, ಕೀಟನಾಶಕಕ್ಕೆ ಇನ್ನೊಂದು, ದನದ ಔಷಧಿಗೆ ಮತ್ತೊಂದು, ಮೇಲಿಂದ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಸ್ಥಳೀಯ ಆಡಳಿತದ ಪರವಾನಗಿ. ತೆರಿಗೆ ಬಿಲ್ಲು ತೆರಿಗೆ ಇಲಾಖೆಯ ಇಟಿಮ್ಸ್ ಅನ್ನುವ ಎಲೆಕ್ಟ್ರಾನಿಕ್ ವ್ಯವಸ್ಥೆಯಲ್ಲೇ ಆಗಬೇಕು. ಕೈಬರಹದ ಬಿಲ್ಲಿನ ಕಾಲ ಹೋಯಿತು.

ಬಿತ್ತನೆ ಹೊತ್ತಿನಲ್ಲಿ ಕೌಂಟರ್ ಹೇಗಿರುತ್ತದೆ ಹೇಳುತ್ತೇನೆ. ಒಬ್ಬ ತಾಯಿ 2 ಕೆಜಿ ಬೀಜದ ಪಾಕೀಟು ಕೇಳುತ್ತಾಳೆ. ಕೊಟ್ಟ ತಕ್ಷಣ ದುಡ್ಡು ಕೊಡಲ್ಲ. ಪಾಕೀಟಿನ ಮೇಲಿನ ಸ್ಟಿಕ್ಕರನ್ನು ಉಗುರಿನಿಂದ ಕೆರೆದು, ಒಳಗಿನ ನಂಬರನ್ನು ಫೋನಿನಿಂದ ಬೀಜ ಪರೀಕ್ಷಿಸುವ 1393 ನಂಬರಿಗೆ ಮೆಸೇಜ್ ಕಳಿಸಿ, ಉತ್ತರ ಬರುವವರೆಗೆ ಅಲ್ಲೇ ನಿಲ್ಲುತ್ತಾಳೆ. ಬೀಜ ಅಸಲಿ ಅಂತ ಮೆಸೇಜ್ ಬಂದ ಮೇಲೆ ಅದೇ ಫೋನಿನಿಂದ ಎಂಪೆಸಾ ಮಾಡುತ್ತಾಳೆ, ಅಂದರೆ ಮೊಬೈಲಿನಲ್ಲೇ ದುಡ್ಡು ಕಳಿಸುತ್ತಾಳೆ. ಹಿಂದೆ ಹತ್ತು ಜನ ಕಾಯುತ್ತಿದ್ದರೂ ಅವಸರ ಮಾಡಬಾರದು. ನಕಲಿ ಬೀಜ ಬಿತ್ತಿದರೆ ಅವಳ ಇಡೀ ವರ್ಷ ಹೋಯಿತು, ಎರಡನೇ ಸಲ ಬಿತ್ತುವಂತಿಲ್ಲ. ಮತ್ತೆ ನಿಮ್ಮ ಕಡೆಯಿಂದ ಒಂದು ಎಚ್ಚರ: ದುಡ್ಡು ಕಳಿಸಿದೆ ಅಂತ ಗಿರಾಕಿ ತೋರಿಸುವ ಮೆಸೇಜ್ ನಂಬಿ ಮಾಲು ಕೊಡಬೇಡಿ, ನಿಮ್ಮ ಅಂಗಡಿಯ ಎಂಪೆಸಾ ಖಾತೆಗೆ (ಟಿಲ್‌ಗೆ) ದುಡ್ಡು ಬಂತಾ ನೋಡಿ.

ನಿಮ್ಮ ಅನುಭವ ಇಲ್ಲಿ ಖಂಡಿತ ಉಪಯೋಗಕ್ಕೆ ಬರುತ್ತದೆ. ಗೋವಿನಜೋಳ ತಿನ್ನುವ ಫಾಲ್ ಸೈನಿಕ ಹುಳು ಕೀನ್ಯಾಕ್ಕೆ 2017ರಲ್ಲಿ ಬಂತು. ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ ನಮ್ಮ ಶಿವಮೊಗ್ಗದಲ್ಲೇ. ಹುಳು ಸುಳಿಯೊಳಗೆ ಇಳಿದ ಮೇಲೆ ಎಲೆ ಮೇಲೆ ಔಷಧಿ ಹೊಡೆದರೆ ಬರೀ ದುಡ್ಡು ದಂಡ, ಬೆಳಗ್ಗೆ ಅಥವಾ ಸಂಜೆ ಹೊತ್ತು ಸುಳಿಗೇ ಬಿಡಬೇಕು ಅಂತ ನೀವು ದಾವಣಗೆರೆ ರೈತರಿಗೆ ಹೇಳಿರುತ್ತೀರಿ. ಅದನ್ನೇ ಇಲ್ಲಿ ಸ್ವಾಹಿಲಿಯಲ್ಲಿ ಹೇಳಬೇಕು, ಅಷ್ಟೇ. ಸ್ವಾಹಿಲಿ ಕಲಿಯಲೇಬೇಕು. ಬೆಲೆ ಮಾತಾಡುವ ಮುಂಚೆ ಕ್ಷೇಮ ಕೇಳಬೇಕು, ಮಕ್ಕಳು ಹೇಗಿದ್ದಾರೆ, ಮಳೆ ಹೇಗಿದೆ ಅಂತ. ಅದಿಲ್ಲದೆ ನೇರ ವ್ಯಾಪಾರಕ್ಕೆ ಇಳಿದವರನ್ನು ಜನ ಒರಟರು ಅಂದುಕೊಳ್ಳುತ್ತಾರೆ.

ಇದೊಂದು ಮಾತು ನನಗೆ ಎಲ್ಲಕ್ಕಿಂತ ಮುಖ್ಯ. ನಮ್ಮವರಲ್ಲಿ ಕೆಲವರು ಅಂಗಡಿ ಹುಡುಗರನ್ನು ಏಕವಚನದಲ್ಲಿ ಗದರುತ್ತಾ, ಅವರೆಲ್ಲ ಕಳ್ಳರು ಅನ್ನುವ ಹಾಗೆ ನಡೆಸಿಕೊಳ್ಳುತ್ತಾರೆ. ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಯಾವ ಹಳ್ಳಿಯಲ್ಲಿ ಯಾರು ಸಾಲ ತೀರಿಸುತ್ತಾರೆ, ಯಾವ ಮಣ್ಣಿಗೆ ಯಾವ ಬೀಜ ಅಂತ ಗೊತ್ತಿರುವುದು ಅವರಿಗೆ. ಸಂಬಳ ತಿಂಗಳ ಕೊನೆಗೆ ತಪ್ಪದೆ ಕೊಡಿ, ಅವರ ಮನೆಯ ಸಾವಿಗೆ ಹೋಗಿ ಬನ್ನಿ, ಅಲ್ಲಿ ನಿಮ್ಮ ಪಾಲಿನ ವಂತಿಗೆ ಕೊಡಿ. ಏಷ್ಯನ್ನರನ್ನು 2017ರಲ್ಲಿ ಸರ್ಕಾರ ದೇಶದ 44ನೇ ಬುಡಕಟ್ಟು ಅಂತ ಒಪ್ಪಿಕೊಂಡಿದೆ. ನೆರೆಯವರು ಒಪ್ಪಿಕೊಳ್ಳಬೇಕಾದರೆ ನಾವು ಅವರ ಜೊತೆ ಕೂತು ಉಣ್ಣಬೇಕು.

ಊಟದ ಚಿಂತೆ ಬೇಡ. ರಾಗಿ ಇಲ್ಲಿಯ ಹಳೇ ಬೆಳೆ, ಸಂತೆಯಲ್ಲಿ ವಿಂಬಿ ಅಂತ ಸಿಗುತ್ತದೆ, ನಮ್ಮ ರೊಟ್ಟಿ ಜೋಳಕ್ಕೆ ಮ್ತಾಮಾ ಅನ್ನುತ್ತಾರೆ, ಹಾಗಾಗಿ ರೊಟ್ಟಿಯೂ ಆಗುತ್ತದೆ. ಹಾಲು, ಕಾಳು, ಸೊಪ್ಪು, ಬಟರ್ ಫ್ರೂಟ್ ಧಾರಾಳ. ದೊಡ್ಡ ಕಾಯಿಲೆ ಬಂದರೆ ಸುಮಾರು 70 ಕಿಲೋಮೀಟರ್ ದೂರದ ಎಲ್ಡೊರೆಟ್‌ಗೆ ಹೋಗಬೇಕು, ಅಲ್ಲಿ ಮೊಯಿ ಹೆಸರಿನ ದೊಡ್ಡ ಸರ್ಕಾರಿ ಆಸ್ಪತ್ರೆ ಇದೆ. ಸುರಕ್ಷತೆ ಕೇಳಿದ್ದೀರಿ. ರಾತ್ರಿ ದುಡ್ಡಿನ ಚೀಲ ಹಿಡಿದು ಓಡಾಡದಿದ್ದರೆ ಇಲ್ಲಿ ನೆಮ್ಮದಿಯಾಗಿ ಬದುಕಬಹುದು. ಚುನಾವಣೆ ವರ್ಷದಲ್ಲಿ ಮಾತ್ರ ಜಾಗ್ರತೆ. 2007ರ ಡಿಸೆಂಬರ್ ಚುನಾವಣೆ ಆದ ಮೇಲೆ ನಡೆದ ಗಲಭೆಯಲ್ಲಿ ದೇಶದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು, ನಮ್ಮ ಈ ರಿಫ್ಟ್ ವ್ಯಾಲಿ ಭಾಗಕ್ಕೆ ಪೆಟ್ಟು ಜಾಸ್ತಿ ಬಿತ್ತು. ಹಾಗಾಗಿ ಮತದಾನದ ತಿಂಗಳು ಗೋದಾಮು ತುಂಬಿಸಿಡುವುದಿಲ್ಲ.

ಹೊರಡುವ 10 ದಿನ ಮುಂಚೆಯಾದರೂ ಮೂವರೂ ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಿ. ಆ ಕಾರ್ಡ್ ಇಲ್ಲದೆ ಇಲ್ಲಿಂದ ಊರಿಗೆ ವಾಪಸ್ ಬಂದರೆ ಭಾರತದ ವಿಮಾನ ನಿಲ್ದಾಣದಲ್ಲೇ ಹಿಡಿದು ಕ್ವಾರಂಟೈನ್‌ಗೆ ಹಾಕುತ್ತಾರೆ. ಮೊದಲ ಬೆಳೆ ನೀವೊಬ್ಬರೇ ಬಂದು ನೋಡಿ. ಮಗಳ ಶಾಲೆ ಇಲ್ಲಿ ಜನವರಿಗೆ ಶುರುವಾಗುವುದರಿಂದ ಮನೆಯವರನ್ನು ಡಿಸೆಂಬರ್‌ನಲ್ಲಿ ಕರೆಸಿಕೊಂಡರೆ ಸರಿಹೋಗುತ್ತದೆ. ಮಾಲೀಕರು ಕಳಿಸಿದ ಕರಾರು ಪತ್ರದಲ್ಲಿ ಪರ್ಮಿಟ್ ಖರ್ಚು ಯಾರದು, ವಾಪಸ್ ಟಿಕೆಟ್ ಯಾರದು ಅಂತ ಬರೆದಿದೆಯಾ ನೋಡಿ ತಿಳಿಸಿ. ಇಲ್ಲದಿದ್ದರೆ ಸಹಿ ಹಾಕುವ ಮುಂಚೆ ಬರೆಸಿಕೊಳ್ಳಿ.