ಕಾಪಿ ತಡೆಯಲು ಲಾಕ್ ಹಾಕಿದರೆ ಹಾಡಿನ ಸೌಂಡ್ ಕೆಡುತ್ತದಾ?

ಲಾಕ್ ಎಲ್ಲಿ ಹಾಕಿದ್ದಾರೆ ಅನ್ನುವುದನ್ನು ನೋಡಬೇಕು. ಫೈಲನ್ನು ಎನ್‌ಕ್ರಿಪ್ಟ್ ಮಾಡಿದ್ದರೆ, ಅಂದರೆ ಕೀ ಇಲ್ಲದೆ ಓದಲಾಗದ ಗುಪ್ತ ರೂಪಕ್ಕೆ ಬದಲಿಸಿದ್ದರೆ, ಸೌಂಡ್‌ಗೆ ಏನೂ ಆಗುವುದಿಲ್ಲ. ಲಾಕ್ ತೆಗೆದಾಗ ಒಂದು ಬಿಟ್ ಕೂಡ ಬದಲಾಗಿರುವುದಿಲ್ಲ.

ತೊಂದರೆ ಶುರುವಾಗುವುದು ಸಂಗೀತಕ್ಕೇ ಕೈ ಹಾಕಿದಾಗ. 1980ರ ದಶಕದಲ್ಲಿ ಅಮೆರಿಕದ ಸಿಬಿಎಸ್ ಕಂಪನಿ ‘ಕಾಪಿಕೋಡ್’ ಅಂತ ಒಂದು ವಿಧಾನ ತಂದಿತು. 3838 ಹರ್ಟ್ಜ್ ಸುತ್ತಮುತ್ತಲಿನ ಧ್ವನಿಯನ್ನೇ ಹಾಡಿನಿಂದ ತೆಗೆದುಬಿಡುವುದು. ಅಲ್ಲಿ ಖಾಲಿ ಇದೆ ಅಂತ ಕಂಡರೆ ರೆಕಾರ್ಡರ್ ನಿಂತುಬಿಡಬೇಕು. ಆದರೆ ಪಿಯಾನೋದ ತೀರಾ ಮೇಲಿನ ಸ್ವರಗಳು ಬರುವುದೂ ಅಲ್ಲೇ ಅಲ್ವಾ! 1988ರಲ್ಲಿ ಅಲ್ಲಿನ ಸರ್ಕಾರಿ ಲ್ಯಾಬ್ ಪರೀಕ್ಷೆ ಮಾಡಿ, ಕೆಲವು ಸಂಗೀತದಲ್ಲಿ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ ಎಂದಿತು. ಕಾಪಿಕೋಡ್ ಅಲ್ಲಿಗೇ ಬಿದ್ದುಹೋಯಿತು.

2000ದ ನಂತರ, ಕಂಪ್ಯೂಟರ್‌ನಲ್ಲಿ ಕಾಪಿ ಮಾಡಲು ಹೋದರೆ ತೊಡಕಾಗಲಿ ಅಂತ, ಕೆಲವು ಸಿಡಿಗಳಲ್ಲಿ ಬೇಕಂತಲೇ ತಪ್ಪು ಡೇಟಾ ಸೇರಿಸಿದರು. ಪ್ಲೇಯರ್ ಅಕ್ಕಪಕ್ಕದ ಡೇಟಾ ನೋಡಿ ಆ ಜಾಗವನ್ನು ಅಂದಾಜಿನಲ್ಲಿ ತುಂಬುತ್ತದೆ. ಸಾಮಾನ್ಯವಾಗಿ ಇದು ಕೇಳಿಸದು. ಆದರೆ ಗೀರು ಬಿದ್ದಾಗ ಸರಿಪಡಿಸಲು ಇಟ್ಟಿದ್ದ ಶಕ್ತಿಯನ್ನು ಸುಮ್ನೆ ಖರ್ಚು ಮಾಡಿದಂತೆ. ದುಡ್ಡು ಕೊಟ್ಟು ಕೊಂಡವರಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಇನ್ನು ವಾಟರ್‌ಮಾರ್ಕ್, ಅಂದರೆ ಹಾಡಿನ ಸೌಂಡ್‌ನೊಳಗೇ ಬಚ್ಚಿಟ್ಟ ಗುರುತು. ಇದು ಕಾಪಿ ತಡೆಯುವುದಿಲ್ಲ, ಹಾಡು ಎಲ್ಲಿಂದ ಬಂತು ಅಂತ ಗುರುತಿಸುತ್ತದೆ ಅಷ್ಟೇ. ಚೆನ್ನಾಗಿ ಮಾಡಿದ್ದರೆ ಗೊತ್ತೇ ಆಗುವುದಿಲ್ಲ. ಜೋರಾಗಿ ಹಾಕಿದ್ದರೆ ಪಿಯಾನೋ, ವಯಲಿನ್‌ನ ಉದ್ದ ಸ್ವರಗಳಲ್ಲಿ ಸಣ್ಣ ನಡುಕ ಕೇಳಿಸುತ್ತದೆ. ಅನುಮಾನವಿದ್ದರೆ ಹೆಡ್‌ಫೋನ್‌ನಲ್ಲಿ ಅಂಥ ಜಾಗವನ್ನೇ ಕೇಳಿ ನೋಡಿ.