ಸರ್ವರ್‌ನ ಭದ್ರತಾ ಸೆಟ್ಟಿಂಗ್ ಮೊದಲಿನಂತಾಗಬೇಕಾದರೆ

ಪ್ರಶ್ನೆ: ನಮ್ಮ ವಿಂಡೋಸ್ ಸರ್ವರ್ 2019ರಲ್ಲಿ ಲೋಕಲ್ ಸೆಕ್ಯುರಿಟಿ ಪಾಲಿಸಿಯನ್ನು (ಆ ಯಂತ್ರದ್ದೇ ಭದ್ರತಾ ನಿಯಮಗಳನ್ನು) ಯಾರೋ ಬಿಗಿ ಮಾಡಿದ್ದಾರೆ. ನೆಟ್‌ವರ್ಕ್‌ನಿಂದ ಫೈಲ್ ಶೇರ್ ತೆರೆಯುತ್ತಿಲ್ಲ. ಏನೇನು ಬದಲಾಯಿತೆಂಬ ದಾಖಲೆಯೂ ಇಲ್ಲ. ಒಂದೇ ಕಮಾಂಡ್‌ನಲ್ಲಿ ಎಲ್ಲವನ್ನೂ ಹೊಸ ಇನ್‌ಸ್ಟಾಲ್‌ನ ಸ್ಥಿತಿಗೆ ತರಬಹುದೆ?

ಉತ್ತರ: ಎಲ್ಲವನ್ನೂ ತರಲಾಗದು. ವಿಂಡೋಸ್ ಫೋಲ್ಡರ್‌ನೊಳಗಿನ ಐಎನ್‌ಎಫ್ ಫೋಲ್ಡರ್‌ನಲ್ಲಿ 'ಡಿಇಎಫ್‌ಎಲ್‌ಟಿಬೇಸ್' ಎಂಬ ಟೆಂಪ್ಲೇಟ್, ಅಂದರೆ ಡಿಫಾಲ್ಟ್ ಭದ್ರತಾ ಸೆಟ್ಟಿಂಗ್‌ಗಳನ್ನು ಬರೆದಿಟ್ಟ ಫೈಲ್, ಇದೆ. ಅದನ್ನು ಸೆಕ್‌ಎಡಿಟ್ ಎಂಬ ಕಮಾಂಡ್‌ನಿಂದ ಹೇರಬಹುದು. ಆದರೆ ವಿಂಡೋಸ್ ವಿಸ್ತಾದಿಂದ ಈಚೆಗೆ ಡಿಫಾಲ್ಟ್ ಭದ್ರತೆ ಪೂರ್ತಿ ಆ ಒಂದು ಫೈಲ್‌ನಲ್ಲಿಲ್ಲ. ಒಂದಷ್ಟನ್ನು ಸೆಟಪ್ ಬರೆಯುತ್ತದೆ, ಇನ್ನಷ್ಟನ್ನು ನೀವು ಸೇರಿಸಿದ ರೋಲ್‌ಗಳು (ಸರ್ವರ್‌ಗೆ ವಹಿಸಿದ ಕೆಲಸಗಳು) ಬರೆಯುತ್ತವೆ. ಟೆಂಪ್ಲೇಟನ್ನು ಇಡಿಯಾಗಿ ಹೇರಿದರೆ ಸಿಸ್ಟಂ ಅಸ್ಥಿರವಾಗಬಹುದೆಂದು ಮೈಕ್ರೋಸಾಫ್ಟ್ ಕೂಡ ಎಚ್ಚರಿಸಿದೆ. ಕೆಟ್ಟಿರುವ ಭಾಗವನ್ನಷ್ಟೇ ಹಿಂದಕ್ಕೆ ತನ್ನಿ.

ಮೊದಲು, ಯಾವ ಪಾಲಿಸಿ ಜಾರಿಯಲ್ಲಿದೆ ಎಂದು ತೋರಿಸುವ ಜಿಪಿರಿಸಲ್ಟ್ ಕಮಾಂಡ್‌ನ ವರದಿ ತೆಗೆಯಿರಿ. ಸರ್ವರ್ ಡೊಮೇನ್‌ನಲ್ಲಿದ್ದು (ಒಂದೇ ಕಡೆಯಿಂದ ನಿರ್ವಹಿಸುವ ಯಂತ್ರಗಳ ಗುಂಪಿನಲ್ಲಿದ್ದು), ಆ ಸೆಟ್ಟಿಂಗ್ ಅಲ್ಲಿಂದ ಎಲ್ಲ ಯಂತ್ರಗಳಿಗೂ ಹೋಗುವ ಗ್ರೂಪ್ ಪಾಲಿಸಿಯಿಂದ ಬರುತ್ತಿದ್ದರೆ, ಇಲ್ಲಿ ತಿದ್ದಿದ್ದು ನಿಲ್ಲುವುದಿಲ್ಲ. ಪಾಲಿಸಿ ಬದಲಾಗದಿದ್ದರೂ ಭದ್ರತಾ ಸೆಟ್ಟಿಂಗ್‌ಗಳು 16 ಗಂಟೆಗೊಮ್ಮೆ ಮತ್ತೆ ಹೇರಲ್ಪಡುತ್ತವೆ. 'ನಿನ್ನೆ ಸರಿಹೋಗಿತ್ತು, ಇಂದು ಮತ್ತೆ ಅದೇ' ಎಂಬ ದೂರಿಗೆ ಇದೇ ಕಾರಣವಿರಬಹುದು.

ತೊಂದರೆ ಲೋಕಲ್ ಪಾಲಿಸಿಯದ್ದೇ ಎಂದಾದರೆ, ಈಗಿರುವುದನ್ನು ಸೆಕ್‌ಎಡಿಟ್‌ನ ಎಕ್ಸ್‌ಪೋರ್ಟ್‌ನಿಂದ ಒಂದು ಫೈಲ್‌ಗೆ ಉಳಿಸಿ. ಅದರ 'ಪ್ರಿವಿಲೇಜ್ ರೈಟ್ಸ್' ಭಾಗವನ್ನು ಟೆಂಪ್ಲೇಟ್‌ನ ಅದೇ ಭಾಗದ ಪಕ್ಕದಲ್ಲಿಟ್ಟು ಓದಿ. 'ಡಿನೈ ನೆಟ್‌ವರ್ಕ್ ಲಾಗಾನ್' ಸಾಲಿನಲ್ಲಿ ಬೇಡದ ಗುಂಪು ಸೇರಿದೆಯೇ, 'ನೆಟ್‌ವರ್ಕ್ ಲಾಗಾನ್' ಸಾಲಿನಿಂದ ಬೇಕಾದ ಗುಂಪು ಬಿಟ್ಟುಹೋಗಿದೆಯೇ ನೋಡಿ. ಶೇರ್ ತೆರೆಯದಿರುವುದಕ್ಕೆ ಕಾರಣ ಬಹುಮಟ್ಟಿಗೆ ಇಲ್ಲೇ ಸಿಗುತ್ತದೆ. ಸಿಕ್ಕರೆ ಲೋಕಲ್ ಸೆಕ್ಯುರಿಟಿ ಪಾಲಿಸಿಯ ವಿಂಡೋ ಆದ ಸೆಕ್‌ಪಾಲ್‌ನಲ್ಲಿ ಆ ಒಂದು ಸಾಲನ್ನು ಸರಿಪಡಿಸಿ; ರಿಸೆಟ್ಟೇ ಬೇಕಿಲ್ಲ.

ರಿಸೆಟ್ ಮಾಡಲೇಬೇಕಾದರೆ ಸೆಕ್‌ಎಡಿಟ್‌ನ ಜನರೇಟ್‌ರೋಲ್‌ಬ್ಯಾಕ್‌ನಿಂದ ವಾಪಸಾಗುವ ಟೆಂಪ್ಲೇಟ್ ಮೊದಲೇ ಮಾಡಿಡಿ. ಫೈಲ್ ಮತ್ತು ರಿಜಿಸ್ಟ್ರಿ ಅನುಮತಿಗಳನ್ನು ಅದು ಮರಳಿಸುವುದಿಲ್ಲ. ನಂತರ ಟೆಂಪ್ಲೇಟ್ ಹೇರಲು ಸೆಕ್‌ಎಡಿಟ್‌ನ ಕಾನ್ಫಿಗರ್ ಕೊಡುವಾಗ ಏರಿಯಾಸ್ ಎಂಬಲ್ಲಿ 'ಯೂಸರ್ ರೈಟ್ಸ್' ಒಂದನ್ನೇ ಬರೆಯಿರಿ, ಡಿಬಿ ಎಂಬಲ್ಲಿ ಡೇಟಾಬೇಸ್ ಫೈಲ್‌ಗೆ ಹೊಸ ಹೆಸರು ಕೊಡಿ. ಏರಿಯಾಸ್ ಬಿಟ್ಟರೆ ಟೆಂಪ್ಲೇಟ್‌ನಲ್ಲಿರುವ ಎಲ್ಲವೂ ಹೇರಿಕೆಯಾಗುತ್ತದೆ.

ಇಲ್ಲೊಂದು ಬಲೆ ಇದೆ. 'ಲಾಗಾನ್ ಆ್ಯಸ್ ಎ ಸರ್ವಿಸ್' ಹಕ್ಕಿನ ಪಟ್ಟಿಯೂ ಟೆಂಪ್ಲೇಟ್‌ನಂತೆ ಬದಲಾದರೆ, ಡೇಟಾಬೇಸ್ ಅಥವಾ ಬ್ಯಾಕಪ್ ಸಾಫ್ಟ್‌ವೇರ್‌ಗೆಂದು ನೀವು ಕೊಟ್ಟಿದ್ದ ಖಾತೆ ಅದರಿಂದ ಹೊರಬೀಳುತ್ತದೆ. ಓಡುತ್ತಿರುವ ಸರ್ವಿಸ್ ನಿಲ್ಲುವುದಿಲ್ಲವಾದ್ದರಿಂದ ಆ ದಿನ ಏನೂ ತಿಳಿಯದು. ಮುಂದಿನ ರೀಸ್ಟಾರ್ಟ್‌ನಲ್ಲಿ ದೋಷ ಸಂಖ್ಯೆ 1069 ಬಂದು ಸರ್ವಿಸ್ ಏಳುವುದೇ ಇಲ್ಲ. ಉಳಿಸಿಟ್ಟ ಫೈಲ್ ನೋಡಿ ಆ ಖಾತೆಗಳನ್ನು ಅಂದೇ ಮರಳಿ ಸೇರಿಸಿ. ಎಲ್ಲೆಲ್ಲಿ ತಪ್ಪಾಯಿತೆಂಬುದು ವಿಂಡೋಸ್ ಫೋಲ್ಡರ್‌ನ ಸೆಕ್ಯುರಿಟಿ, ಲಾಗ್ಸ್ ಒಳಗಿನ 'ಎಸ್‌ಸಿಇಎಸ್‌ಆರ್‌ವಿ' ಲಾಗ್‌ನಲ್ಲಿರುತ್ತದೆ.

ಇದನ್ನೆಲ್ಲ ಸರ್ವರ್‌ನ ಕನ್ಸೋಲ್‌ನಲ್ಲೇ ಕೂತು ಮಾಡಿ. ಫೈರ್‌ವಾಲ್ ರಿಸೆಟ್ ಕೂಡ ಬೇಕಾದರೆ ಇನ್ನೂ ಮುಖ್ಯ: ಡಿಫಾಲ್ಟ್ ಸ್ಥಿತಿಯಲ್ಲಿ ರಿಮೋಟ್ ಡೆಸ್ಕ್‌ಟಾಪ್ ನಿಯಮ ಮುಚ್ಚಿರುತ್ತದೆ, ದೂರದಿಂದ ಕೊಟ್ಟ ಕಮಾಂಡ್ ನಿಮ್ಮನ್ನೇ ಹೊರಗೆ ಹಾಕುತ್ತದೆ.

ಪ್ರಶ್ನೆ: ಡೊಮೇನನ್ನು ನಡೆಸುವ ಸರ್ವರ್, ಅಂದರೆ ಡೊಮೇನ್ ಕಂಟ್ರೋಲರ್‌ಗೂ ಇದೇ ವಿಧಾನವೆ?

ಉತ್ತರ: ಅಲ್ಲ. ಅಲ್ಲಿ ಡಿಸಿಜಿಪಿಒಫಿಕ್ಸ್ ಎಂಬ ಕಮಾಂಡ್ ಇದೆ. ಡಿಫಾಲ್ಟ್ ಡೊಮೇನ್ ಪಾಲಿಸಿ, ಡಿಫಾಲ್ಟ್ ಡೊಮೇನ್ ಕಂಟ್ರೋಲರ್ಸ್ ಪಾಲಿಸಿ ಎರಡನ್ನೇ ಅದು ಮೊದಲಿನಂತೆ ಮಾಡುತ್ತದೆ. ಉಳಿದ ಪಾಲಿಸಿಗಳನ್ನು ಮುಟ್ಟುವುದಿಲ್ಲ. ಎರಡರದ್ದೂ ಬ್ಯಾಕಪ್ ತೆಗೆದು ಮುಂದುವರಿಯಿರಿ. ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ಎಕ್ಸ್‌ಚೇಂಜ್ ಇದ್ದರೆ ಅದಕ್ಕೆ ಸಿಕ್ಕಿದ್ದ ಆಡಿಟ್ ಹಕ್ಕೂ ಅಳಿಸುತ್ತದೆ, ಅದರ ಸೆಟಪ್‌ನ ಪ್ರಿಪೇರ್‌ಡೊಮೇನ್ ಮತ್ತೆ ಓಡಿಸಬೇಕು.

ಪ್ರಶ್ನೆ: ವಿಂಡೋಸ್ ಫೋಲ್ಡರ್‌ನ ಅನುಮತಿಗಳೇ ಕೆಟ್ಟಿವೆ. ಅನುಮತಿ ಬದಲಿಸುವ ಐಕ್ಯಾಕಲ್ಸ್ ಕಮಾಂಡ್‌ನ ರಿಸೆಟ್ ಕೊಡಲೆ?

ಉತ್ತರ: ದಯವಿಟ್ಟು ಬೇಡ. ಅದು ಡಿಫಾಲ್ಟನ್ನು ತರುವುದಿಲ್ಲ. ಪ್ರತಿ ಫೈಲ್‌ಗೂ ಮೇಲಿನ ಫೋಲ್ಡರ್‌ನ ಅನುಮತಿಯನ್ನೇ ಇಳಿಸಿ, ಪ್ರತ್ಯೇಕವಾಗಿದ್ದವನ್ನೆಲ್ಲ ಅಳಿಸುತ್ತದೆ. ಸಿಸ್ಟಂ ಸ್ಟೇಟ್ ಬ್ಯಾಕಪ್‌ನಿಂದ (ವಿಂಡೋಸ್‌ನ ಸಿಸ್ಟಂ ಫೈಲ್ ಮತ್ತು ಸೆಟ್ಟಿಂಗ್‌ಗಳ ಬ್ಯಾಕಪ್) ಮರಳಿಸಿ. ಬ್ಯಾಕಪ್ ಇಲ್ಲದಿದ್ದರೆ ಡೇಟಾ ತೆಗೆದಿಟ್ಟು ಸರ್ವರನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿ.